ಮೂರು ನುಡಿಗಳ ಮುಂದಾಳು ಸ್ವಾಮಿ ರಾಮಾನಂದ ತೀರ್ಥರು

1903ರಲ್ಲಿ ಕನ್ನಡ ನೆಲದ ಸಿಂದಗಿಯಲ್ಲಿ ಜನಿಸಿದ ವೆಂಕಟೇಶ ಖೇಡಗೀಕರರು ಉಮರ್ಗಾ ಸೀಮೆಯ ಹಿಪ್ಪರಗಾ ರಾಷ್ಟ್ರೀಯ ಶಾಲೆಯಲ್ಲಿ ಗುರುಗಳಾಗಿದ್ದರು. 1930ರಲ್ಲಿ ಸಂನ್ಯಾಸ ಸ್ವೀಕರಿಸಿ ರಾಮಾನಂದ ತೀರ್ಥರೆನಿಸಿದರು. ನಿಜಾಮ್ ಸಂಸ್ಥಾನದ ತೆಲುಗು, ಮರಾಠಿ, ಕನ್ನಡ ಕಾರ್ಯಕರ್ತರನ್ನು ಸ್ಟೇಟ್ ಕಾಂಗ್ರೆಸ್ಸಿನ ಒಂದೇ ಹೋರಾಟದಲ್ಲಿ ಮುನ್ನಡೆಸಿದರು. ಅನುಯಾಯಿಗಳಿಗೆ ಹೇಳಿದ್ದನ್ನು ತಾವೇ ಆಚರಿಸಿ 1938ರಲ್ಲಿಯೂ 1947ರಲ್ಲಿಯೂ ಸೆರೆಮನೆ ಸೇರಿದರು.

1948ರ ಸೆಪ್ಟೆಂಬರ್ 17ರಂದು ಸಂಸ್ಥಾನವು ವಿಮೋಚನೆಗೊಂಡಿತು. 1952ರಲ್ಲಿ ಗುಲಬರ್ಗಾ, 1957ರಲ್ಲಿ ಔರಂಗಾಬಾದ್ ಅವರನ್ನು ಲೋಕಸಭೆಗೆ ಆರಿಸಿದವು; ಎರಡು ನುಡಿಯವರ ವಿಶ್ವಾಸಕ್ಕೆ ಇದೇ ಸಾಕ್ಷಿ. ತಮ್ಮ ನಾಯಕತ್ವದ ನೆಲೆಯಾಗಿದ್ದ ರಾಜ್ಯವೇ ಭಾಷಾವಾರು ವಿಂಗಡಣೆಯಾಗಲೆಂದು ನಿಸ್ಪೃಹರಾಗಿ ವಾದಿಸಿದರು. 1956ರಲ್ಲಿ ಅದು ನಡೆದಾಗ ಬೀದರ ಜಿಲ್ಲೆಯ ನಿಲಂಗಾ, ಉದಗೀರಗಳು ಮರಾಠಿ ಭಾಗಕ್ಕೆ ಸೇರಿದವು. 1972ರಲ್ಲಿ ಸ್ವಾಮೀಜಿ ಕಾಲವಶರಾದರು.

ಸ್ವಂತ ನುಡಿಯನ್ನು ಉಳಿಸಿಕೊಂಡು ನೆರೆನುಡಿಯವರೊಡನೆ ಕೂಡಿ ದುಡಿಯಬೇಕಾದ ಗಡಿನಾಡಿನ ನಮ್ಮ ಮಕ್ಕಳಿಗೆ ಅವರ ಬಾಳು ಆದರ್ಶಪ್ರಾಯವಾಗಿದೆ.