ಬೇರಿನ ಬಿಳಿ ಪದರ ಮತ್ತು ಆಲ್ಬರ್ಟ್ ಫ್ರಾಂಕ್

ಬೋಧನಾಭ್ಯಾಸದ ಎರಡನೆಯ ವಾರ. ಏಳನೆಯ ತರಗತಿಯ ಹುಡುಗನೊಬ್ಬ ಶಾಲೆಯ ಹಿಂದಿನ ನೀಲಗಿರಿ ತೋಪಿನಿಂದ ಒಂದು ಸಸಿಯನ್ನು ಬೇರುಸಹಿತ ಕಿತ್ತು ತಂದ. ಎಳೆಬೇರುಗಳ ತುದಿಯಲ್ಲಿ ಬಿಳಿ ಬೂಷ್ಟಿನಂಥ ಪದರವಿತ್ತು. ಅದೇನೆಂದು ಅವನು ಕೇಳಿದಾಗ ನಾನು ಹೆಚ್ಚು ಯೋಚಿಸದೆ ಶಿಲೀಂಧ್ರ ರೋಗವೆಂದು ಹೇಳಿ ಎಸೆಯಲು ಸೂಚಿಸಿದೆ. ಅವನು ಎಸೆದ.

ಅಂದು ರಾತ್ರಿ ‘ಸಸ್ಯಗಳಲ್ಲಿ ಪೋಷಣೆ’ ಘಟಕಕ್ಕೆ ಪಾಠಯೋಜನೆ ಬರೆಯಲು ಕುಳಿತಾಗ ತಪ್ಪು ಹೊಳೆಯಿತು. ಮರದ ಬೇರಿನಲ್ಲಿ ವಾಸಿಸುವ ಕೆಲವು ಶಿಲೀಂಧ್ರಗಳು ನೀರು ಮತ್ತು ಪೋಷಕಾಂಶ ಹೀರಲು ನೆರವಾಗುತ್ತವೆ. ಬಿ.ಎಸ್ಸಿ.ಯಲ್ಲಿ ಮೈಕೊರೈಜಾ ಎಂಬ ಹೆಸರಿಗೆ ಎರಡು ಅಂಕದ ಉತ್ತರ ಬರೆದು ಪಾಸಾದವನೇ ನಾನು. ಆ ಹೆಸರನ್ನು ಕೊಟ್ಟವರು ಯಾರೆಂದು ಹುಡುಕಹೊರಟಾಗ ಸಿಕ್ಕಿದವರು ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್.

ಫ್ರಾಂಕ್ 1839ರಲ್ಲಿ ಜರ್ಮನಿಯ ಡ್ರೆಸ್ಡನ್‌ನಲ್ಲಿ ಹುಟ್ಟಿದರು. ಲೈಪ್‌ಜಿಗ್‌ನಲ್ಲಿ ಓದಿ ಅಲ್ಲಿಯೇ ವಿಶ್ವವಿದ್ಯಾಲಯದ ಒಣಸಸ್ಯ ಸಂಗ್ರಹವನ್ನು ನೋಡಿಕೊಳ್ಳುತ್ತಿದ್ದರು. ಹೊಸ ಪದಗಳನ್ನು ಕಟ್ಟುವುದರಲ್ಲಿ ಅವರದು ಪಳಗಿದ ಕೈ. ನಾವು ಗುರುತ್ವಾನುವರ್ತನೆ ಎಂದು ಕಲಿಸುವ ವಿಷಯಕ್ಕೆ ಜಿಯೋಟ್ರಾಪಿಸಂ ಎಂದು 1868ರಲ್ಲಿ ಹೆಸರಿಟ್ಟವರು ಅವರೇ. ಕಲ್ಲುಹೂವಿನಲ್ಲಿ ಶೈವಲವೂ ಶಿಲೀಂಧ್ರವೂ ಕೂಡಿ ಬಾಳುವುದನ್ನು ಹೇಳಲು 1877ರಲ್ಲಿ ಸಹಜೀವನ ಎಂಬರ್ಥದ ಪದವನ್ನು ಬಳಸಿದರು. 1881ರಲ್ಲಿ ಬರ್ಲಿನ್ನಿನ ಕೃಷಿ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದರು.

ಬರ್ಲಿನ್ನಿನಲ್ಲಿ ಅವರಿಗೆ ಸಿಕ್ಕಿದ ಕೆಲಸ ಬೇರೆಯೇ. ಟ್ರಫಲ್ ಎಂಬ ದುಬಾರಿ ಅಣಬೆ ಮರಗಳ ಬುಡದಲ್ಲಿ, ಮಣ್ಣಿನೊಳಗೇ ಬೆಳೆಯುತ್ತದೆ. ಅದನ್ನು ಪ್ರಷ್ಯಾದಲ್ಲಿ ಬೆಳೆಸಬಹುದೇ ಎಂದು ನೋಡಲು ಸರ್ಕಾರ ಅವರನ್ನು ಕೇಳಿತು. ಅಣಬೆಯ ಎಳೆಗಳ ಜಾಡು ಹಿಡಿದು ಹೋದ ಫ್ರಾಂಕ್ ಓಕ್, ಬೀಚ್, ಹೇಜಲ್ ಮರಗಳ ಬೇರುಗಳಿಗೆ ಬಂದು ನಿಂತರು. ನೋಡಿದ ಮರಗಳಲ್ಲೆಲ್ಲ ಹೀರುಬೇರುಗಳ ತುದಿಗೆ ಶಿಲೀಂಧ್ರ ಕವಚ ತೊಡಿಸಿದಂತಿತ್ತು. ಮರಗಳೋ ಆರೋಗ್ಯವಾಗಿದ್ದವು. ಮಣ್ಣಿಗೂ ಬೇರಿಗೂ ನೇರ ಸ್ಪರ್ಶವೇ ಇಲ್ಲದಿರುವಾಗ ಮರಕ್ಕೆ ಆಹಾರ ತಲುಪಬೇಕಾದರೆ ಅದು ಶಿಲೀಂಧ್ರದ ಮೂಲಕವೇ ಎಂದು ಅವರು ತರ್ಕಿಸಿದರು. ಗ್ರೀಕಿನ ಶಿಲೀಂಧ್ರ ಮತ್ತು ಬೇರು ಎಂಬೆರಡು ಪದ ಜೋಡಿಸಿ 1885ರಲ್ಲಿ ಮೈಕೊರೈಜಾ ಎಂದರು. (ಹಸಿರಿಲ್ಲದ ಮೊನೊಟ್ರೋಪ ಗಿಡದ ಬೇರಿನಲ್ಲಿ ಪೋಲೆಂಡಿನ ಕಾಮಿಯೆನ್‌ಸ್ಕಿ ಇಂಥದೇ ಸಂಬಂಧವನ್ನು ಕೆಲವೇ ವರ್ಷ ಮೊದಲು ಗುರುತಿಸಿದ್ದರು. ಪಠ್ಯಗಳು ಅವರನ್ನು ಮರೆಯುತ್ತವೆ.)

ಎಲ್ಲರೂ ಒಪ್ಪಲಿಲ್ಲ. ಮರಗಳ ರೋಗಗಳಲ್ಲಿ ಆ ಕಾಲದ ದೊಡ್ಡ ಪಂಡಿತರಾಗಿದ್ದ ರಾಬರ್ಟ್ ಹಾರ್ಟಿಗ್ ಅದನ್ನು ಪರಾವಲಂಬಿ ಎಂದೇ ಭಾವಿಸಿದರು. ಇಲ್ಲಿ ನನಗೆ ತುಸು ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಹಾರ್ಟಿಗ್ ನೋಡಿ ಹೇಳಿದ್ದರು, ನಾನು ನೋಡದೆ ಹೇಳಿದ್ದೆ.

ಫ್ರಾಂಕ್ ವಾದಕ್ಕಿಂತ ಕುಂಡಗಳನ್ನು ನಂಬಿದರು. ಕಾಡಿನ ಮಣ್ಣಿನಲ್ಲಿ ಒಂದು ಪಾಲನ್ನು ಬಿಸಿಮಾಡಿ ಶಿಲೀಂಧ್ರಗಳನ್ನು ಕೊಂದು, ಇನ್ನೊಂದನ್ನು ಹಾಗೆಯೇ ಬಿಟ್ಟು, ಎರಡರಲ್ಲೂ ಪೈನ್ ಸಸಿ ಬೆಳೆಸಿದರು. ಬಿಸಿಮಾಡದ ಮಣ್ಣಿನವು ಹುಲುಸಾಗಿ ಬಂದವು, ಉಳಿದವು ಸೊರಗಿದವು.

ಈ ನೆರವಿನ ಬಗೆ ಬಿಡಿಸಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ರಂಜಕ ಮಣ್ಣಿನಲ್ಲಿ ಬಹು ನಿಧಾನವಾಗಿ ಚಲಿಸುತ್ತದೆ. ಬೇರು ತನ್ನ ಸುತ್ತಲಿನದನ್ನು ಹೀರಿಕೊಂಡ ಮೇಲೆ ಅಲ್ಲಿ ಬರಿದಾದ ಪಟ್ಟಿಯೊಂದು ಉಳಿಯುತ್ತದೆ. ಬೇರುರೋಮಕ್ಕಿಂತಲೂ ತೆಳುವಾದ ಶಿಲೀಂಧ್ರದ ಎಳೆಗಳು ಆ ಪಟ್ಟಿಯನ್ನು ದಾಟಿ, ರೋಮ ನುಗ್ಗಲಾಗದ ಸಂದುಗಳಿಗೂ ಇಳಿದು ರಂಜಕವನ್ನು ತರುತ್ತವೆ. ಪ್ರತಿಯಾಗಿ ಗಿಡ ಎಲೆಯಲ್ಲಿ ತಯಾರಿಸಿದ ಸಕ್ಕರೆಯ ಒಂದು ಪಾಲನ್ನು ಕೊಡುತ್ತದೆ. ನೀಲಗಿರಿ, ಪೈನ್‌ಗಳಲ್ಲಿ ಬೇರಿನ ಹೊರಗೆ ಕವಚ ಕಾಣುತ್ತದೆ. ಜೋಳ, ರಾಗಿ, ಅಡಿಕೆಯಂಥವುಗಳಲ್ಲಿ ಶಿಲೀಂಧ್ರ ಬೇರಿನ ಕೋಶದೊಳಗೇ ಹೊಕ್ಕಿರುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಇಷ್ಟು ಸೂಕ್ಷ್ಮ ಕಣ್ಣಿನ ಫ್ರಾಂಕ್ ಕೂಡ ಎಡವಿದರು. ದ್ವಿದಳ ಸಸ್ಯಗಳ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆಂದು ಹೆಲ್‌ರೀಗಲ್ 1886ರಲ್ಲಿ ಹೇಳಿದಾಗ ಅವರು ಮೊದಲಿಗೆ ವಿರೋಧಿಸಿದರು. 1889ರಲ್ಲಿ ಅದೇ ಗಂಟಿನ ಬ್ಯಾಕ್ಟೀರಿಯಾಕ್ಕೆ ರೈಜೋಬಿಯಂ ಎಂದು ಹೆಸರಿಟ್ಟವರೂ ಅವರೇ. ಫ್ರಾಂಕ್ 1900ರಲ್ಲಿ ಬರ್ಲಿನ್ನಿನಲ್ಲಿ ತೀರಿಕೊಂಡರು.

ಮುಂದಿನ ಅವಧಿಯಲ್ಲಿ ನಾನು ತರಗತಿಯ ಮುಂದೆ ನನ್ನ ತಪ್ಪು ಹೇಳಿ, ಆ ಹುಡುಗನನ್ನೇ ಇನ್ನೊಂದು ಸಸಿ ತರಲು ಕಳಿಸಿದೆ. ಎಲ್ಲರೂ ಭೂತಗನ್ನಡಿಯಲ್ಲಿ ನೋಡಿದರು. ಬಳಿಕ ಬಿಸಿಯೂಟದ ಅಡುಗೆಮನೆಯಲ್ಲಿ ಒಂದಿಷ್ಟು ಮಣ್ಣನ್ನು ಹಬೆಯಲ್ಲಿ ಬೇಯಿಸಿ, ಫ್ರಾಂಕ್ ಮಾಡಿದಂತೆ ಎರಡು ಕುಂಡಗಳಲ್ಲಿ ಮುಸುಕಿನ ಜೋಳ ಬಿತ್ತಿದೆವು. ಹನ್ನೆರಡನೆಯ ದಿನಕ್ಕೆ ನಮ್ಮ ಬೋಧನಾಭ್ಯಾಸ ಮುಗಿಯಿತು. ಅಂದು ಬೇಯಿಸಿದ ಮಣ್ಣಿನ ಪೈರೇ ಒಂದು ಬೆರಳು ಎತ್ತರವಿತ್ತು. ಫ್ರಾಂಕ್ ಸುಳ್ಳೇ ಎಂದು ಮಕ್ಕಳು ಕೇಳಿದರು. ಎಳೆಯ ಪೈರು ಇನ್ನೂ ಬೀಜದಲ್ಲಿದ್ದ ಆಹಾರವನ್ನೇ ಉಣ್ಣುತ್ತಿರಬಹುದು, ಬಿಸಿಯಾದಾಗ ಮಣ್ಣಿನಿಂದಲೇ ಒಂದಿಷ್ಟು ಪೋಷಕಾಂಶ ಬಿಡುಗಡೆಯಾಗಿರಲೂಬಹುದು ಎಂದೆ. ಒಂದೊಂದೇ ಕುಂಡ ಸಾಲದೆಂದೂ ಹೇಳಿದೆ. ಆ ಹುಡುಗ ಇನ್ನೂ ನಾಲ್ಕು ಹಳೆಯ ಡಬ್ಬಿಗಳನ್ನು ಮನೆಯಿಂದ ತಂದಿದ್ದಾನೆಂದು ಅವರ ವಿಜ್ಞಾನ ಶಿಕ್ಷಕಿ ಮೊನ್ನೆ ಫೋನಿನಲ್ಲಿ ತಿಳಿಸಿದರು.