ತೋಟಗಾರಿಕೆಯ ಡಾ. ಮರಿಗೌಡರು ಮತ್ತು ನಮ್ಮ ಗುಡ್ಡದ ಸೀತಾಫಲ



ಬೆಳ್ಳಿ ಹಬ್ಬದ ಸಂಚಿಕೆ ಎಂದಮೇಲೆ ಸಹಕಾರ ಚಳವಳಿಯ ಹಿರಿಯರನ್ನು ನೆನೆಯುವುದು ವಾಡಿಕೆ. ಕಣಗಿನಹಾಳದ ಸಿದ್ದನಗೌಡ ಪಾಟೀಲರನ್ನು ಎಲ್ಲರೂ ನೆನೆಯುತ್ತಾರೆ, ನೆನೆಯಲೇಬೇಕು. ಈ ಸಲ ನಾವು ಇನ್ನೊಬ್ಬರನ್ನು ಆರಿಸಿಕೊಂಡಿದ್ದೇವೆ. ಡಾ. ಎಂ. ಎಚ್. ಮರಿಗೌಡರು ಸಾಲ ಕೊಡುವ ಸಂಘ ಕಟ್ಟಿದವರಲ್ಲ, ಹಣ್ಣು ಮಾರುವ ಸಂಘ ಕಟ್ಟಿಸಿದವರು. ದೂರದ ಮೈಸೂರು ಕಡೆಯವರ ಕಥೆ ಬಸವಕಲ್ಯಾಣ, ಹುಮನಾಬಾದ ಸೀಮೆಯವರಿಗೆ ಯಾಕೆ ಅಂದ್ರ, ನಮ್ಮ ಗುಡ್ಡದ ಸೀತಾಫಲ ಇನ್ನೂ ಬುಟ್ಟಿ ಲೆಕ್ಕದಾಗೇ ಹೋಗ್ತದ.

ಮರಿಗೌಡರು ಹುಟ್ಟಿದ್ದು 1916ರ ಆಗಸ್ಟ್ 8ರಂದು, ಮೈಸೂರು ಜಿಲ್ಲೆಯ ಬನ್ನೂರಿನ ಸೀಮೆಯಲ್ಲಿ. ಸಸ್ಯಶಾಸ್ತ್ರ ಓದಿ ಸರ್ಕಾರಿ ತೋಟಗಳ ಇಲಾಖೆಗೆ ಸೇರಿದರು. ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ತರಬೇತಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಪಡೆದು ಬಂದು ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತರು. ಅಷ್ಟು ಓದಿದವರು ಹೂವಿನ ಪ್ರದರ್ಶನ ಮಾಡಿಸುತ್ತ ಹಾಯಾಗಿ ಇರಬಹುದಿತ್ತು. ಅವರ ಕಣ್ಣು ರೈತನ ಹೊಲದ ಮೇಲಿತ್ತು.

ಆಗ ಬೆಂಗಳೂರಿನ ಸುತ್ತ ದ್ರಾಕ್ಷಿ ಚೆನ್ನಾಗಿ ಬೆಳೆಯುತ್ತಿತ್ತು. ಬೆಳೆದವನ ಕೈಗೆ ಮಾತ್ರ ಏನೂ ಉಳಿಯುತ್ತಿರಲಿಲ್ಲ. ದ್ರಾಕ್ಷಿ ಜೋಳದಂತೆ ಹಗೇವಿನಲ್ಲಿ ಇಟ್ಟು ಕಾಯುವ ಮಾಲಲ್ಲ. ಗಾಡಿ ಪೇಟೆ ಮುಟ್ಟಿದ ಮೇಲೆ ದಲ್ಲಾಳಿ ಹೇಳಿದ್ದೇ ದರ, ವಾಪಸ್ ಒಯ್ಯುವ ಹಾಗಿಲ್ಲ. ಮರಿಗೌಡರ ಮುತುವರ್ಜಿಯಿಂದ 1959ರ ಸೆಪ್ಟೆಂಬರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಎದ್ದಿತು. ಸಂಘದ್ದೇ ಮಳಿಗೆ, ಸಂಘದ್ದೇ ತಕ್ಕಡಿ, ಫಲಕದ ಮೇಲೆ ಬರೆದ ದರ. ಮುಂದೆ ಎಲ್ಲ ಹಣ್ಣು, ತರಕಾರಿಗೂ ಹಬ್ಬಿ ಹಾಪ್‌ಕಾಮ್ಸ್ ಎಂದು ಹೆಸರಾದದ್ದು ಇದೇ ಸಂಘ. ಸಸಿ ಮಾರುವವರಿಗೂ ಲಾಲ್‌ಬಾಗಿನಲ್ಲಿ ಒಂದು ಸಹಕಾರ ಸಂಘ ಮಾಡಿಸಿದರು. ಒಳ್ಳೆಯ ಸಸಿ ಸಿಗದಿದ್ದರೆ ಹತ್ತು ವರ್ಷ ಸಾಕಿದ ಮರ ಮೋಸ ಮಾಡುತ್ತದೆ, ಇದು ನಮಗೂ ಗೊತ್ತಿದ್ದದ್ದೇ.

1956ರ ನವೆಂಬರ್ 1ರಂದು ನಮ್ಮ ಬೀದರ ಜಿಲ್ಲೆ ಹೈದರಾಬಾದ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. 1963ರಲ್ಲಿ ತೋಟಗಾರಿಕೆ ಬೇರೆ ಇಲಾಖೆಯಾಯಿತು, ಮರಿಗೌಡರು ಅದರ ನಿರ್ದೇಶಕರು. 1974ರಲ್ಲಿ ನಿವೃತ್ತರಾಗುವ ತನಕ ರಾಜ್ಯದಲ್ಲಿ ಮುನ್ನೂರಕ್ಕೂ ಹೆಚ್ಚು ತೋಟಗಾರಿಕೆ ಕ್ಷೇತ್ರ, ನರ್ಸರಿ ಮಾಡಿಸಿದರು. ಅವರು ಹಿಡಿದು ಕೂತ ಇನ್ನೊಂದು ಮಾತು ಒಣಭೂಮಿ ತೋಟಗಾರಿಕೆ. ತೋಟ ಎಂದರೆ ಬಾವಿ, ಕಾಲುವೆ ಇದ್ದವರದ್ದು ಎಂಬ ನಂಬಿಕೆಯನ್ನು ಅವರು ಒಪ್ಪಲಿಲ್ಲ. ಬೇರು ಆಳಕ್ಕೆ ಹೋಗುವ ಮಾವು, ಹುಣಸೆ, ಬಾರಿ, ಸೀತಾಫಲದಂಥ ಗಿಡ ಒಮ್ಮೆ ಹಿಡಿದರೆ ಮಳೆ ಕೈಕೊಟ್ಟ ವರ್ಷವೂ ಏನಾದರೂ ಕೊಡುತ್ತವೆ. 1972ರ ಬರ ಕಂಡ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ನಮ್ಮ ಗುಡ್ಡಕ್ಕೆ ಬರೋಣ. ಸೀತಾಫಲದ ತವರು ಅಮೆರಿಕ ಖಂಡದ ಬೆಚ್ಚನೆಯ ನಾಡು, ಹೆಸರು ಸೀತಮ್ಮನದು! ಕೆಂಪು ಮಣ್ಣಿನ ಬರಡಿನಲ್ಲಿ ಯಾರೂ ನೆಡದೆ, ನೀರು ಹಾಕದೆ ಬೆಳೆದು ನಿಂತಿದೆ. ಎಲೆ ಆಡು ಸಹ ಮುಟ್ಟುವುದಿಲ್ಲ. ಕಣ್ಣುಗಳ ನಡುವಿನ ಗೆರೆ ಬಿಳುಪಾಗಿ ಬಿರಿದಾಗ ಕಿತ್ತು, ಹುಲ್ಲಿನಲ್ಲಿ ಮುಚ್ಚಿಟ್ಟರೆ ಎರಡು ಮೂರು ದಿನಕ್ಕೆ ಹಣ್ಣು. ಆಮೇಲೆ ಒಂದೇ ದಿನ ತಡವಾದರೂ ಕರ್ರಗಾಗಿ ಕೈಬಿಡುತ್ತದೆ. ಕಟ್ಟೆ ಮೇಲೆ ಕೂತು ಬೀಜ ಉಗುಳುತ್ತ ತಿನ್ನುವ ಸುಖ ಬೇರೆ ಯಾವ ಹಣ್ಣಿಗೂ ಇಲ್ಲ, ಇದು ನಮ್ಮ ಖಚಿತ ಅಭಿಪ್ರಾಯ. ಹಾಲು ಕಾಸಿ ತಣಿಸಿ ತಿರುಳು ಕಲಸಿದರೆ ಬಾಸುಂದಿ. ಬೀಜದ ಪುಡಿ ಹೇನಿಗೆ ಮದ್ದು ಅಂತಾರ, ಆದರ ಕಣ್ಣಿಗೆ ಬಿದ್ದರೆ ಅಪಾಯ, ಹುಷಾರು.

ಹೆಣ್ಣುಮಕ್ಕಳು ನಸುಕಿಗೇ ಗುಡ್ಡ ಹತ್ತಿ ಕಿತ್ತು, ಬುಟ್ಟಿ ಹೊತ್ತು ಸಸ್ತಾಪುರ ಬಂಗ್ಲಾ, ಹುಮನಾಬಾದ ಕಡೆ ಹೆದ್ದಾರಿಗೆ ಬರುತ್ತಾರೆ. ಸಂಜೆಯಾದಂತೆ ದರ ಇಳಿಯುತ್ತದೆ, ಯಾಕಂದ್ರ ನಾಳೆಗೆ ಹಣ್ಣು ಉಳಿಯೋದಿಲ್ಲ. 1959ಕ್ಕೆ ಮುಂಚಿನ ದ್ರಾಕ್ಷಿಯ ಗತಿಯೇ ಇದು.

ಇಂದು ಬಾಲಾನಗರ ತಳಿಯ ಕಸಿ ಗಿಡ ಸಿಗುತ್ತದೆ. ಹೆಸರಘಟ್ಟದ ಸಂಶೋಧನಾ ಸಂಸ್ಥೆಯ ಅರ್ಕಾ ಸಹನ್ ತಳಿಗೆ ಬೀಜ ಕಡಿಮೆ, ಹಣ್ಣು ನಿಧಾನ ಮಾಗುತ್ತದೆ, ಅಂದರೆ ದೂರದ ಪೇಟೆಗೂ ತಾಳುತ್ತದೆ. ಮರಿಗೌಡರು ತೀರಿಕೊಂಡು ಮೂವತ್ತು ವರ್ಷ ದಾಟಿತು. ಲಾಲ್‌ಬಾಗಿನಲ್ಲಿ ಅವರ ಹೆಸರಿನ ಸ್ಮಾರಕ ಭವನವಿದೆ. ನಮ್ಮಲ್ಲಿ ಬೇಕಾದದ್ದು ಒಂದು ತಕ್ಕಡಿ, ನಾಲ್ಕು ಡಜನ್ ಕ್ರೇಟು, ದರ ಬರೆಯಲು ಒಂದು ಹಲಗೆ. ಗೊಬ್ಬರದ ಗೋದಾಮು ಸುಗ್ಗಿ ಮುಗಿಯುವ ತನಕ ಅರ್ಧ ಖಾಲಿಯೇ ಇರುತ್ತದೆ. ಸೀತಾಫಲ ಆಗಸ್ಟಿಗೆ ಶುರುವಾಗುತ್ತದೆ, ಅದಕ್ಕೆ ಮೊದಲೇ ಆಡಳಿತ ಮಂಡಳಿ ಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸಬೇಕೆಂದು ನಾವು ಬರೆದು ಕೊಟ್ಟಿದ್ದೇವೆ.