ಗೆರೆ ನೋಡಿ ಗುರುತಿಸಿದ ಬೀಜ್ಲಿ

ಮಕ್ಕಳೇ, ಹೆಸರು ಬರೆಯದ ಒಂದು ನೋಟ್‌ಬುಕ್ ನಿಮ್ಮ ತರಗತಿಯಲ್ಲಿ ಸಿಕ್ಕಿತೆನ್ನಿ. ಅಕ್ಷರ ನೋಡಿದ ಕೂಡಲೇ ಅದು ಯಾರದೆಂದು ನೀವು ಹೇಳಿಬಿಡುತ್ತೀರಿ, ಅಲ್ಲವೇ? ಎರಡೂವರೆ ಸಾವಿರ ವರ್ಷ ಹಳೆಯ ಮಡಕೆಗಳ ಚಿತ್ರಗಳನ್ನು ಹೀಗೆಯೇ ನೋಡಿ, ಅವುಗಳನ್ನು ಬರೆದ ಕೈಗಳನ್ನು ಗುರುತಿಸಿದವರು ಜಾನ್ ಡೇವಿಡ್‌ಸನ್ ಬೀಜ್ಲಿ.

ಬೀಜ್ಲಿಯವರು 1885ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದರು. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದಿದರು. 1925ರಿಂದ 1956ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದರು.

ಅವರ ಮನಸ್ಸನ್ನು ಸೆಳೆದದ್ದು ಗ್ರೀಸ್ ದೇಶದ ಅಥೆನ್ಸ್ ನಗರದ ಹಳೆಯ ಮಡಕೆಗಳು. ಅಲ್ಲಿನ ಚಿತ್ರಕಾರರು ಮಡಕೆಯ ಮೇಲೆ ನುಣುಪಾದ ಜೇಡಿಮಣ್ಣಿನ ತಿಳಿಯಿಂದ ಚಿತ್ರ ಬರೆಯುತ್ತಿದ್ದರು. ಚೂಪಾದ ಮೊನೆಯಿಂದ ಅದನ್ನು ಗೀರಿ ಕಣ್ಣು, ಕಿವಿ, ಬಟ್ಟೆಯ ನೆರಿಗೆ ತೋರಿಸುತ್ತಿದ್ದರು. ಆವಿಗೆಯಲ್ಲಿ ಸುಟ್ಟಾಗ ಚಿತ್ರ ಕಪ್ಪಾಗುತ್ತಿತ್ತು, ಸುತ್ತಲಿನ ಮಣ್ಣು ಕೆಂಪಾಗಿ ಉಳಿಯುತ್ತಿತ್ತು. ಎಕ್ಸೆಕಿಯಾಸ್ ಎಂಬಾತ ಇಬ್ಬರು ವೀರರು ಪಗಡೆಯಂಥ ಆಟವಾಡುವ ಚಿತ್ರ ಬರೆದು, ತನ್ನ ಹೆಸರನ್ನೂ ಬರೆದಿದ್ದಾನೆ. ಆದರೆ ಹೆಚ್ಚಿನವರು ಹೆಸರು ಬರೆಯಲೇ ಇಲ್ಲ. ಅವರ ಕೆಲಸ ಉಳಿಯಿತು, ಅವರು ಮರೆತುಹೋದರು.

ಬೀಜ್ಲಿಯವರು ಏನು ಮಾಡಿದರು ಗೊತ್ತೇ? ಚಿತ್ರದ ಕಥೆಯನ್ನು ಬದಿಗಿಟ್ಟು ಸಣ್ಣ ಗೆರೆಗಳನ್ನು ನೋಡಿದರು. ಕಥೆಯನ್ನು ಯಾರು ಬೇಕಾದರೂ ನಕಲು ಮಾಡಬಹುದು. ಆದರೆ ಕಿವಿಯ ಸುರುಳಿ, ಮೊಣಕಾಲಿನ ಗೀರು, ಕೈಬೆರಳು ಇವನ್ನು ಪ್ರತಿಯೊಬ್ಬರೂ ತಮ್ಮ ರೂಢಿಯಂತೆಯೇ ಬರೆಯುತ್ತಾರೆ. ಒಂದು ಕಿವಿ ಹೋಲಿದರೆ ಸಾಲದು; ಹತ್ತಾರು ಗುರುತುಗಳು ಕೂಡಿ ಬರಬೇಕು. ಹೇಳುವುದು ಸುಲಭ, ಮಡಕೆಗಳಾದರೋ ದೇಶದೇಶಗಳಲ್ಲಿ ಹರಡಿದ್ದವು! ಬೀಜ್ಲಿಯವರು ಒಂದೊಂದೇ ವಸ್ತುಸಂಗ್ರಹಾಲಯಕ್ಕೆ ಹೋಗಿ ಪೆನ್ಸಿಲಿನಿಂದ ಆ ಗೆರೆಗಳನ್ನು ಬರೆದುಕೊಂಡರು. ಪತ್ನಿ ಮೇರಿಯವರು ಮಡಕೆಗಳ ಫೋಟೋ ತೆಗೆದು ನೆರವಾದರು.

ಹೆಸರೇ ತಿಳಿಯದ ಚಿತ್ರಕಾರನನ್ನು ಏನೆಂದು ಕರೆಯುವುದು? ಒಬ್ಬನು ಉಯ್ಯಾಲೆಯಾಡುವ ಹುಡುಗಿಯನ್ನು ಬರೆದಿದ್ದನು. ಅವನಿಗೆ ಉಯ್ಯಾಲೆ ಚಿತ್ರಕಾರ ಎಂದೇ ಹೆಸರಿಟ್ಟರು. ಎಷ್ಟು ಚೆಂದದ ಹೆಸರು! ಅಮಾಸಿಸ್ ಎಂಬ ಕುಂಬಾರನ ಮಡಕೆಗಳಿಗೆ ಚಿತ್ರ ಬರೆದವನು ಅಮಾಸಿಸ್ ಚಿತ್ರಕಾರನಾದನು.

ಕಪ್ಪು ಚಿತ್ರಗಳ ಮಡಕೆಗಳನ್ನು ಕುರಿತ ಅವರ ದೊಡ್ಡ ಗ್ರಂಥ 1956ರಲ್ಲಿ ಅಚ್ಚಾಯಿತು. ಅದರಲ್ಲಿ ಸಾವಿರಾರು ಮಡಕೆಗಳ ಪಟ್ಟಿಯಿದೆ. ಆಮೇಲೂ ಅವರು ಸುಮ್ಮನೆ ಕೂರಲಿಲ್ಲ. ಹೊಸ ಮಡಕೆ ಕಂಡರೆ ಪಟ್ಟಿಗೆ ಸೇರಿಸಿದರು, ತಾವು ತಪ್ಪಿದ್ದರೆ ತಾವೇ ತಿದ್ದಿದರು. ಬೀಜ್ಲಿಯವರು 1970ರಲ್ಲಿ ತೀರಿಕೊಂಡರು. ಆ ಸೇರ್ಪಡೆಗಳ ಪುಸ್ತಕ ಮರುವರ್ಷ ಹೊರಬಂದಿತು.